ಒಪ್ಪಿಗೆಯ ಪಾಠ

ರಾಯದುರ್ಗ
೧೪ ಮಾರ್ಚ್ ೨೦೨೫

ಪ್ರೀತಿಯ ವಿಜಯಕ್ಕನಿಗೆ ನಿನ್ನ ಪ್ರಸನ್ನಳ ನಮಸ್ಕಾರ.

ವಾರದಿಂದ ನಿನ್ನ ಫೋನು ಎತ್ತಿಲ್ಲ, ಬೈಕೋಬೇಡ. ಎತ್ತಿದ್ದರೆ ಅತ್ತುಬಿಡುತ್ತಿದ್ದೆ, ಪಕ್ಕದ ಮನೆಯವರಿಗೆ ಎಲ್ಲ ಕೇಳಿಸುತ್ತದೆ. ಅದಕ್ಕೇ ಕಾಗದ. ರೊಳ್ಳದಲ್ಲಿ ನಿಮ್ಮ ರೇಷ್ಮೆಹುಳು ಹಣ್ಣಾಗಿ ಗೂಡು ಕಟ್ಟಿದವೇ? ಭಾವನ ಬೆನ್ನುನೋವು ಹೇಗಿದೆ?

"ಅದೇನ್ ರಾಜಕೀಯ ಪಾಠ ಮಾಡ್ತೀಯೋ ಏನೋ" ಎಂದು ನೀನು ನಗುತ್ತಿದ್ದೆಯಲ್ಲ, ಅದೇ ಈಗ ಕುತ್ತಿಗೆಗೆ ಬಂದಿದೆ. ಹೋದ ವಾರ ಕ್ಲಾಸಿನಲ್ಲಿ, ಜನ ಒಪ್ಪಿದ್ದರಿಂದಲೇ ಆಳುವವನಿಗೆ ಅಧಿಕಾರ ಎನ್ನುವ ವಿಚಾರ ಹೇಳುತ್ತಿದ್ದೆ. ಪುಸ್ತಕ ತೆಲುಗಿನದು, ನಾನು ಕನ್ನಡದಲ್ಲೂ ಬಿಡಿಸಿ ಹೇಳುತ್ತೇನೆ. ಬನಶಂಕರಿ ಎಂಬ ಹುಡುಗಿ ಎದ್ದು ನಿಂತಳು. ದಿನಾ ಕಾಲೇಜು ಬಿಟ್ಟ ಮೇಲೆ ಜೀನ್ಸ್ ಕಾರ್ಖಾನೆಗೆ ಹೊಲಿಯಲು ಹೋಗುವವಳು. ಅಲ್ಲಿ ಕೆಲಸದ ಹೊತ್ತಿನಲ್ಲಿ ಶಟರ್ ಎಳೆದು ಹೊರಗಿನಿಂದ ಬೀಗ ಹಾಕುತ್ತಾರಂತೆ.

"ನಾವ್ಯಾರೂ ಏನೂ ಅನ್ನಂಗಿಲ್ರಿ ಮೇಡಂ. ಹಂಗಂದ್ರ ಒಪ್ಪಿದಂಗೇನ್ರಿ?"

"ಭಯಕ್ಕೆ ಸುಮ್ಮನಿದ್ದರೆ ಅದು ಒಪ್ಪಿಗೆಯಲ್ಲಮ್ಮ" ಎಂದೆ. ಹೇಳಿ ಖುಷಿಯೂ ಪಟ್ಟೆ, ಹಾಳಾದ್ದು.

ಅಂದೇ ಸಂಜೆ ಅವಳು ಹೋಗಿ, ಬೀಗ ಹಾಕಬೇಡಿ ಎಂದು ಮಾಲೀಕ ರುದ್ರಮುನಿಯವರನ್ನು ಕೇಳಿದ್ದಾಳೆ. ಅವಳ ಕೆಲಸ ಹೋಯಿತು. ಆ ರುದ್ರಮುನಿಯವರು ನಮ್ಮ ಕಾಲೇಜು ಕಮಿಟಿಯಲ್ಲೂ ಇದ್ದಾರೆ. ಜೂನ್‌ನಲ್ಲಿ ನನ್ನ ಕಾಂಟ್ರಾಕ್ಟು ಮುಂದುವರಿಯಬೇಕಾದರೆ ಅವರೇ ಸಹಿ ಹಾಕಬೇಕು. ನಾನು ಕಲಿಸುವ ವಿಷಯಕ್ಕೆ ಬೇರೆಲ್ಲೂ ಕೆಲಸವಿಲ್ಲ, ಅನಂತಪುರದವರೆಗೂ ಕೇಳಿ ಬಂದಿದ್ದೇನೆ. ಅವತ್ತಿನ ಪಾಠವನ್ನು ಯಾರಾದರೂ ಫೋನಿನಲ್ಲಿ ಹಿಡಿದಿದ್ದರೆ? ಈಗ ಕ್ಲಾಸಿನಲ್ಲಿ ಯಾರ ಕೈಯಲ್ಲಿ ಫೋನು ಕಂಡರೂ ಪಾಠ ನಿಲ್ಲಿಸಿಬಿಡುತ್ತೇನೆ. ಮನೆ ಮುಂದೆ ಬೈಕು ನಿಂತರೆ ದೀಪ ಆರಿಸಿಬಿಡುತ್ತೇನೆ. ನಿನ್ನೆ ಬಂದವನು ಗ್ಯಾಸ್ ಕೊಡುವವನು, ಅವನಿಗೂ ಬಾಗಿಲು ತೆಗೆಯಲಿಲ್ಲ.

ಭಾವನಿಗೆ ಹೇಳಬೇಡ. ಪುಟ್ಟಿಗೆ ಮುತ್ತು. ಶಿವ ನಿಮ್ಮನ್ನೆಲ್ಲ ತಣ್ಣಗಿಟ್ಟಿರಲಿ.

ನಿನ್ನ ತಂಗಿ,
ಪ್ರಸನ್ನಲಕ್ಷ್ಮಿ

ತಾ.ಕ.: ಮುಖ್ಯವಾದದ್ದನ್ನೇ ಬಿಟ್ಟು ಲಕೋಟೆ ಅಂಟಿಸಲು ಹೊರಟಿದ್ದೆ. ಸೋಮವಾರ ಪ್ರಿನ್ಸಿಪಾಲರ ಕೋಣೆಗೆ ನನ್ನನ್ನೂ ಬನಶಂಕರಿಯನ್ನೂ ಕರೆಸಿದ್ದರು. "ಈಕಿ ತಲಿ ಕೆಡಿಸಿದೋರು ಯಾರ್ರಿ?" ಎಂದು ರುದ್ರಮುನಿಯವರು ಕೇಳಿದರು. ನನಗೆ ನಾಲಿಗೆ ಏಳಲಿಲ್ಲ. ನನ್ನ ಮುಂದೆ ನಿಂತಿದ್ದ ಬನಶಂಕರಿ, "ಯಾರೂ ಕಲಿಸಿಲ್ರಿ, ನನ್ನಷ್ಟಕ್ಕ ನಾನ ಕೇಳಿದೆ" ಎಂದಳು. ಹೊರಗೆ ಬಂದ ಮೇಲೆ ಅವಳೇ ನನಗೆ ಸಮಾಧಾನ ಹೇಳಿದಳು. "ಇರ್ಲಿ ಬಿಡ್ರಿ ಮೇಡಂ. ಭಯಕ್ಕ ಸುಮ್ಕಿದ್ರ ಅದು ಒಪ್ಪಿಗಿ ಅಲ್ಲಂತ ನೀವ ಹೇಳೀರಲ್ರಿ."

ಅವಳು ನೋಡಿಲ್ಲ, ಅಕ್ಕಾ. ನಾನು ಬರೀ ಸುಮ್ಮನಿರಲಿಲ್ಲ. ಅವಳ ಬೆನ್ನ ಹಿಂದೆ ನಿಂತು, ಹೌದು, ನಾನು ಕಲಿಸಿಲ್ಲ ಎಂದು ತಲೆ ಆಡಿಸಿದ್ದೆ.