ಬೀಗರ ಕಂಬಳಿ

ಚಳ್ಳಕೆರೇಲಿ ಟಿಬಿ ಗುಳಿಗೆ ಕೊಡೋ ಪುಷ್ಪಲತಾ ಸಿಸ್ಟರಿಗೆ, ಕೊಂಡ್ಲಹಳ್ಳಿ ಕ್ಯಾತಪ್ಪನ ನಮಸ್ಕಾರ.

ನಮ್ಮೂರಿಗೆ ಹತ್ರದ ರಾಂಪುರದ ಆಸ್ಪತ್ರೇಲೇ ಗುಳಿಗೆ ತಗೊಳ್ಳಿ ಅಂತ ನೀವು ಎಷ್ಟು ಹೇಳಿದ್ರೂ ನಾನು ಒಪ್ಪಲಿಲ್ಲ. ಮಗಳನ್ನ ಕೊಟ್ಟಿರೋದು ಅದೇ ಊರಿಗೆ. ಈ ಎಪ್ಪತ್ತರ ವಯಸ್ಸಲ್ಲಿ ನನಗೆ ಟಿಬಿ ಅಂತ ಗೊತ್ತಾದ್ರೆ ಬೀಗರು ಅಂಗಳಕ್ಕೂ ಸೇರಿಸಲ್ಲ ಅಂತ ಹೆದರಿಕೆ. ಅದಕ್ಕೇ ಮುಖ ಕಾಣದಂಗೆ ತಲೆ ಮೇಲಿಂದ ಕಂಬಳಿ ಕೊಪ್ಪೆ ಹಾಕ್ಕೊಂಡು ನಿಮ್ಮ ಹತ್ರ ಬರ್ತಿದ್ದೆ.

ಮೊನ್ನೆ ಸಾಲಿನಲ್ಲಿ ನನ್ನ ಮುಂದೆ ಇನ್ನೊಂದು ಕೊಪ್ಪೆ ಕೆಮ್ತಾ ನಿಂತಿತ್ತು. ಅಂಚು ನೋಡಿದ್ರೆ, ಮಗಳ ಮದುವೇಲಿ ಬೀಗರಿಗೆ ನಾನೇ ಹೊದಿಸಿದ್ದ ಕಂಬಳಿ!

"ಏನ್ರೀ ಬೀಗ್ರೇ, ಇಲ್ಲಿ?" ಅಂದೆ.

"ನಿಮಗೆ ಗೊತ್ತಾಗಬಾರ್ದು ಅಂತಾನೇ ಇಷ್ಟು ದೂರ ಬಂದೆ ಕಣ್ರೀ" ಅಂದ್ರು.

ನಕ್ಕೂ ನಕ್ಕೂ ಇಬ್ಬರಿಗೂ ಕೆಮ್ಮು ಹತ್ತಿತು.

ಇನ್ಮೇಲೆ ಇಬ್ಬರ ಗುಳಿಗೇನೂ ರಾಂಪುರಕ್ಕೇ ಕಳಿಸ್ರಿ. ಬೀಗರ ಮನೇಲಿ ಉಂಡು, ಇಬ್ರೂ ಬರಿತಲೇಲಿ ನಡ್ಕೊಂಡು ಹೋಗಿ ತಗೊಂತೀವಿ.

ಇಂತಿ ನಿಮ್ಮ,
ಕ್ಯಾತಪ್ಪ