ದುರ್ಗಿಯ ಜಾಗ

ಏಪ್ರಿಲ್ 3, 2021. ಸಂಜೆ
ತದಡಿ ಮೈದಾನ. ಹುಡುಗಿಯರ ಕಬಡ್ಡಿ ಅಭ್ಯಾಸ. ಕೊರೋನಾ ಎಂದು ಸೋಪು ಇಟ್ಟೆ. ಅವರವರ ಬಾಟಲಿ ಅವರವರಿಗೆ ಎಂದೆ. ಮೊದಲ ವಿರಾಮಕ್ಕೇ ಎಲ್ಲರೂ ಒಂದೇ ಬಾಟಲಿ ಎತ್ತಿ ಕುಡಿದರು. ಮಾಸ್ಕ್ ಗಲ್ಲದ ಕೆಳಗೆ. ದೂರ ನಿಂತು ಆಡಿ ಎಂದರೆ—
"ಕಬಡ್ಡೀಲಿ ಮುಟ್ಟದೇ ಔಟ್ ಮಾಡೂದ್ ಹೆಂಗೆ ಸರ್? ಫೋನ್ ಮಾಡೂದ?" ನಮ್ಮ ರೈಡರ್ ದುರ್ಗಿ. ಎಲ್ಲರೂ ನಕ್ಕರು. ನಾನೂ.

ಏಪ್ರಿಲ್ 5
ತಂಡದ ರೂಪಾಳ ಅಪ್ಪ ಕೊರೋನಾದಿಂದ ತೀರಿಕೊಂಡರು. ಅವಳು ಜ್ವರ ಮುಚ್ಚಿಟ್ಟು ಆಡಿದ್ದಳಂತೆ. ಹನ್ನೊಂದನೇ ತಾರೀಖು ಹೊನ್ನಾವರದಲ್ಲಿ ಜಿಲ್ಲಾ ತಂಡದ ಆಯ್ಕೆ. ಕಾಯಿಲೆ ಬಂದವಳ ಹೆಸರು ಪಟ್ಟಿಯಿಂದ ತೆಗೆಯುವುದು ಕಬಡ್ಡಿ ಸಂಘದ ನಿಯಮ. ಮತ್ತೆ ಯಾರು ಬಾಯಿ ಬಿಡುತ್ತಾರೆ?

ಏಪ್ರಿಲ್ 6
ಉಪಾಯ. ಆಡುವ ಮೊದಲು ಒಬ್ಬೊಬ್ಬಳಾಗಿ ಬಂದು, ಕಣ್ಣು ಮುಚ್ಚಿ, ಒಣಮೀನಿನ ಡಬ್ಬಿ ಮೂಸಿ ಏನೆಂದು ಹೇಳಬೇಕು. ವಾಸನೆ ಸಿಗದವಳಿಗೆ ಕೊರೋನಾ.
"ತದಡೀಲಿ ಹುಟ್ಟಿದವ್ರಿಗೆ ಇದೆಂತ ಪರೀಕ್ಷೆ ಸರ್!" ಅಂಕಿತಾ.
ಎಲ್ಲರೂ ಪಾಸು. ಅಷ್ಟು ಸಲೀಸಾಗಿ... ಅನುಮಾನ.

ಏಪ್ರಿಲ್ 8
ಹೊಸ ಡಬ್ಬಿ. ಒಳಗೆ ಏನೂ ಹಾಕಲಿಲ್ಲ.
ದುರ್ಗಿ ಮೂಸಿ ಮುಖ ಸಿಂಡರಿಸಿದಳು. "ಥೂ, ಬಂಗಡೆ ಮೀನು ಸರ್."
ಆಚೆ ಕರೆದೆ. ಖಾಲಿ ಡಬ್ಬಿ ತೋರಿಸಿದೆ. "ಕಾಯಿಲೆ ಹೇಳಿದವಳ ಜಾಗ ಪಟ್ಟಿಯಲ್ಲಿ ಹಾಗೇ ಇರುತ್ತದೆ. ಸಂಘ ಒಪ್ಪಿದೆ" ಎಂದೆ.
ಒಪ್ಪಿಲ್ಲ. ನಾನು ಕೇಳಿಯೇ ಇಲ್ಲ.
ಅತ್ತಳು. "ಮೂರು ದಿವ್ಸ ಆತು. ಎಂತದೂ ವಾಸ್ನೆ ಬರೂದಿಲ್ಲ."
ಎಲ್ಲರಿಗೂ ಅದೇ ಮಾತು ಹೇಳಿ ಮನೆಗೆ ಕಳಿಸಿದೆ. ಸಂಜೆ ಅಂಕಿತಾಳ ಫೋನ್— "ನಂಗೂ ಮೈ ಬಿಸಿ ಸರ್. ಜಾಗ ಇರ್ತದಲ್ಲ, ಅದ್ಕೇ ಹೇಳ್ದೆ."

ಏಪ್ರಿಲ್ 9
ಹೊನ್ನಾವರ. ಇಬ್ಬರ ಜಾಗ ಉಳಿಸಿ ಎಂದು ಬೇಡಿದೆ; ಸಂಘದ ಕಾರ್ಯದರ್ಶಿ ವೆಂಕಟ್ರಮಣರ ಕಾಲು ಹಿಡಿಯುವುದೊಂದು ಬಾಕಿ.
"ಖಾಲಿ ಜಾಗ ಇಟ್ಕಂಡು ಪೂಜೆ ಮಾಡೂದ ಮಾಸ್ತರ್ರೇ? ಭಟ್ಕಳದ ಹುಡ್ಗೀರು ಕಾಯ್ತಾ ಕೂತಿದ್ರು."
ನನ್ನೆದುರೇ ದುರ್ಗಿ, ಅಂಕಿತಾ ಎರಡೂ ಹೆಸರು ಹೊಡೆದುಹಾಕಿದರು. ಬಸ್ಸಿನಲ್ಲಿ ಕಾದಂಬರಿ ತೆರೆದೆ. ಒಂದು ಸಾಲೂ ತಲೆಗೆ ಹೋಗಲಿಲ್ಲ.

ಏಪ್ರಿಲ್ 10. ಬೆಳಿಗ್ಗೆ
ತಂಡದ ಕಲ್ಪನಾ ಕೂಡ ಹೇಳಿದಳು— ಗಂಟಲು ನೋವು. ಯಾರೂ ಕೇಳದೆ, ತಾನಾಗಿ. ಇದನ್ನೇ ಅಲ್ಲವೇ ನಾನು ಬಯಸಿದ್ದು? ಜಾಗ ಹೋಯಿತೆಂಬ ನಿಜ ಹೇಳಿದರೆ ನಾಳೆಯಿಂದ ಒಬ್ಬಳೂ ಕಾಯಿಲೆ ಹೇಳುವುದಿಲ್ಲ. ಇನ್ನೊಬ್ಬಳ ಅಪ್ಪ ಹೋಗುತ್ತಾನೆ. ಹೇಳದಿದ್ದರೆ... ಪಟ್ಟಿ ಹೇಗೂ ಹೊರಬೀಳುತ್ತದೆ.

ಹನ್ನೊಂದು ಗಂಟೆ
ದುರ್ಗಿಯ ಫೋನ್. ಮಾತಿಗೊಮ್ಮೆ ಕೆಮ್ಮು.
"ನೀವ್ ಹೇಳ್ದಂಗೇ ಹಿತ್ಲ ಕೋಣೇಲಿ ಒಬ್ಳೇ ಮಲಗ್ತೆ ಸರ್. ಅಮ್ಮನ್ನ ಹತ್ರ ಬರೂಕೂ ಬಿಡೂದಿಲ್ಲ. ನನ್ ಜಾಗ ಇದ್ಯಲ್ಲ?"
ನಾನು ಹೇಳಿದೆ— "ಇದೆ."