ಹೊರಗಿನ ಚಿಲಕ

ಮನೆಯಿಂದ,
ಮಾರ್ಚ್ 9, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಹೇಗಿದ್ದೀಯಾ? ಮಂಡಿ ನೋವು ಹೇಗಿದೆ? ದೊಡ್ಡಮ್ಮನ ಮನೆ ಮೆಟ್ಟಿಲು ಹತ್ತಿ ಇಳಿದು ಇನ್ನೂ ಜಾಸ್ತಿ ಮಾಡ್ಕೊಂಡಿರ್ತೀಯಾ ಅಂತ ಗೊತ್ತು ನನಗೆ. ಕಣ್ಣಿಗೆ ಡ್ರಾಪ್ಸ್ ಹಾಕ್ಕೊಳ್ತಿದ್ದೀಯಾ? ಇಲ್ಲ ತಾನೆ? ಇಲ್ಲಿ ಕೂತೇ ಹೇಳಬಲ್ಲೆ. ಫೋನ್ ಮಾಡೋಣ ಅಂದ್ರೆ ದೊಡ್ಡಮ್ಮ ಸ್ಪೀಕರ್ ಹಾಕಿಸಿ ಪಕ್ಕದಲ್ಲೇ ಕೂತಿರ್ತಾಳೆ, "ಸರಿಯಾಗಿ ಉಣ್ತಿದ್ದಾನಾ ಕೇಳೇ, ಕೇಳು" ಅಂತ ನಿನಗೆ ಹೇಳಿಕೊಡ್ತಾಳೆ. ಅದಕ್ಕೇ ಕಾಗದ. ಹತ್ತನೇ ಕ್ಲಾಸ್ ಪರೀಕ್ಷೆ ಆದಮೇಲೆ ಇಷ್ಟುದ್ದ ಬರೀತಿರೋದು ಇದೇ ಮೊದಲು. ಅಕ್ಷರ ನೋಡಿ ನಗಬೇಡ.

ನೀನು ಹೋದ ಮೇಲೆ ಅಪ್ಪನೇ ಅಡುಗೆ ಮಾಡ್ತಿದ್ದಾರೆ. ಡಿಪೋದಲ್ಲಿ ಬಸ್ ಸೀಟು ಹೊಲಿದು ಪಳಗಿದ ಕೈ ಅಲ್ವಾ, ಈರುಳ್ಳಿ ಹೆಚ್ಚಿದ್ರೂ ಟೇಪು ಹಿಡಿದು ಅಳೆದ ಹಾಗೆ ಒಂದೇ ಸಮ ಇರುತ್ತೆ. ಬಾಯಿಗಿಟ್ಟರೆ ಮಾತ್ರ ಸೀಟಿನೊಳಗಿನ ಸ್ಪಂಜು. "ಹೇಗಿದೆ?" ಅಂತಾರೆ. "ಚೆನ್ನಾಗಿದೆ" ಅಂತೀನಿ. "ಸುಳ್ಳು ಹೇಳೋಕೂ ಬರಲ್ಲ ನಿಂಗೆ, ಥೇಟ್ ನಿಮ್ಮಮ್ಮ" ಅಂತಾರೆ. ನಿನ್ನ ವಿಷಯ ಬಂತಲ್ಲ, ಅಲ್ಲಿಗೆ ಇಬ್ಬರೂ ತಟ್ಟೆ ಎತ್ಕೊಂಡು ಏಳ್ತೀವಿ. ಅಣ್ಣನ ತಟ್ಟೆ ಇನ್ನೂ ಸ್ಟ್ಯಾಂಡಲ್ಲೇ ಇದೆ. ತೊಳೆದ ಪಾತ್ರೆಗಳನ್ನ ಅಪ್ಪ ಅದಕ್ಕೆ ತಾಗದ ಹಾಗೆ ಸುತ್ತಲೂ ಜೋಡಿಸ್ತಾರೆ.

ಡಿಪೋದಲ್ಲಿ ಈಗ ಅವರನ್ನ ಎಲ್ಲರೂ 'ಪ್ರೊಫೆಸರ್' ಅಂತಲೇ ಕರೆಯೋದು. ಊಟದ ಹೊತ್ತಿಗೆ ಡ್ರೈವರುಗಳನ್ನ ಕೂರಿಸಿಕೊಂಡು ಪಾಠ ಶುರು. ಈ ನಶೆ ಮಾತ್ರೆಗಳನ್ನ ಸರ್ಕಾರ ಲೈಸೆನ್ಸ್ ಕೊಟ್ಟು ಅಂಗಡೀಲೇ ಮಾರಿಸಬೇಕು, ಕದ್ದು ಮಾರೋರ ಹೊಟ್ಟೆ ಮೇಲೆ ಹೊಡೀಬೇಕು ಅಂತ. "ಕೆಮ್ಮಿನ ಸಿರಪ್ಪಿಗೆ ಲೇಬಲ್ ಇದೆ, ಇಲಿ ಪಾಷಾಣಕ್ಕೂ ಲೇಬಲ್ ಇದೆ. ನನ್ನ ಮಗ ನುಂಗಿದ್ದರಲ್ಲಿ ಏನು ಬೆರೆಸಿದ್ರೋ ಯಾರಿಗ್ಗೊತ್ತು? ಲೇಬಲ್ ಇದ್ದಿದ್ರೆ ಬದುಕಿರ್ತಿದ್ದ." ಮೊನ್ನೆ ಒಬ್ಬ ಕಂಡಕ್ಟರ್ ಕೇಳಿದನಂತೆ, "ಅಂಗಡಿ ತೆಗೆದ ದಿನ ಮೊದಲನೇ ಗಿರಾಕಿ ನನ್ನ ಮಗನೇ ಆದ್ರೆ ಏನ್ಮಾಡ್ಲಿ ಪ್ರೊಫೆಸರೇ?" ಅಪ್ಪ ಅರ್ಧಕ್ಕೇ ಡಬ್ಬಿ ಮುಚ್ಚಿ ಎದ್ದು ಬಂದರಂತೆ. ಇದನ್ನ ಬೇರೆ ಯಾರೂ ಹೇಳಿದ್ದಲ್ಲ, ಅಪ್ಪನೇ ಹೇಳಿದ್ದು.

ನೀನು ಅಲ್ಲಿ ಹೆಂಗಸರ ಸಂಘದ ಜೊತೆ ಮನೆ ಮನೆ ಸುತ್ತಿ ಏನು ಹೇಳ್ತೀಯಾ ಅನ್ನೋದೂ ನನಗೆ ಬಾಯಿಪಾಠ. "ಬೋರ್ಡು, ಲೈಟು, ಲೈಸೆನ್ಸು ಎಲ್ಲಾ ಇದ್ದ ಅಂಗಡೀಲೇ ನಮ್ಮಪ್ಪ ಕುಡಿದು ಕುಡಿದು ಸತ್ತಿದ್ದು. ಬಾಟಲಿ ಮೇಲೆ ಎಲ್ಲಾ ಬರೆದಿತ್ತು. ಅವರಿಗೆ ಓದೋಕೂ ಬರ್ತಿತ್ತು." ನೀನು ಆವತ್ತು ಇದನ್ನ ಅಂದಾಗ ಅಪ್ಪನ ಮುಖ ಸಣ್ಣಗಾಗಿದ್ದನ್ನ ನಾನು ನೋಡಿದೆ. ಅವರ ಮಾತು ಕೇಳಿದ್ರೆ ಅದೇ ಸರಿ ಅನ್ಸುತ್ತೆ, ನಿನ್ನ ಮಾತು ಕೇಳಿದ್ರೆ ಇದೇ ಸರಿ ಅನ್ಸುತ್ತೆ. ನೀನೇನಂತೀಯೋ ಅಂತ ನನ್ನನ್ನ ಯಾರೂ ಕೇಳಲಿಲ್ಲ.

ಒಂದು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ನಿಮ್ಮಿಬ್ಬರ ಜಗಳ ಸರ್ಕಾರದ ಕಾನೂನಿಂದ ಶುರುವಾಗಿದ್ದಲ್ಲ, ಅಣ್ಣನ ರೂಮಿನ ಬಾಗಿಲಿಗೆ ನೀನು ಹೊರಗಡೆಯಿಂದ ಹಾಕಿಸಿದ್ದ ಚಿಲಕದಿಂದ. "ಕೂಡಿಹಾಕಿದ್ರೆ ಕಿಟಕಿ ಹುಡುಕ್ತಾನೆ ಕಣೇ" ಅಂತ ಅಪ್ಪ. "ತೆರೆದಿಟ್ರೆ ಹುಡುಕೋ ಕಷ್ಟಾನೂ ಇಲ್ಲ, ಎದ್ದು ನಡ್ಕೊಂಡು ಹೋಗ್ತಾನೆ" ಅಂತ ನೀನು. ಕೊನೇ ಸಲ ಅವನು ಹೋಗಿದ್ದು ಕಿಟಕಿಯಿಂದ, ನಿಜ. ವಾಪಸ್ ಬಂದಿದ್ದು ಆಂಬುಲೆನ್ಸಲ್ಲಿ. ಆದ್ರೆ ಚಿಲಕ ಇಲ್ಲದಿದ್ದಾಗ ಅವನು ಬಾಗಿಲಿಂದಲೇ ಹೋಗ್ತಿದ್ದನಲ್ಲ? ಎಲ್ಲ ಮುಗಿದ ಮೇಲೆ ಅಪ್ಪ ಸ್ಕ್ರೂಡ್ರೈವರ್ ತಂದು ಅದನ್ನ ಬಿಚ್ಚಿ ತಮ್ಮ ಟೂಲ್ ಡಬ್ಬಕ್ಕೆ ಹಾಕಿದರು. ನೀನು ಬ್ಯಾಗಿಗೆ ಬಟ್ಟೆ ತುಂಬಿಕೊಂಡೆ. ಬಾಗಿಲಲ್ಲಿ ಸ್ಕ್ರೂ ತೂತುಗಳು ಹಾಗೇ ಇವೆ. ಹೋಗ್ತಾ ಬರ್ತಾ ಅವುಗಳ ಮೇಲೆ ಬೆರಳು ಆಡಿಸೋದು ನನಗೊಂದು ಚಟ ಆಗಿದೆ.

ನನ್ನ ಕೆಲಸದ ವಿಷಯ. ಮೊಬೈಲ್ ಅಂಗಡಿ ಬಿಟ್ಟೆ, ಕೊರಿಯರ್ ಬಿಟ್ಟೆ, ಬೈಬೇಡ, ಫ್ಲೆಕ್ಸ್ ಅಂಗಡೀಲಿ ಮಾತ್ರ ನಿಂತಿದ್ದೀನಿ. ಇಂಕಿನ ವಾಸನೆಗೆ ತಲೆ ಸುತ್ತುತ್ತೆ, ಆದ್ರೆ ಮಷಿನ್ ಓಡುವಾಗ ಬೇರೆ ಯೋಚನೆ ಬರಲ್ಲ. ಹೋದ ವಾರ ಏನಾಯ್ತು ಗೊತ್ತಾ, ಅಪ್ಪನ ಡಿಪೋದವರ ಆರ್ಡರೂ ಬಂತು, ನಿನ್ನ ಸಂಘದ ಆರ್ಡರೂ ಬಂತು. ಒಂದರ ಮೇಲೆ 'ಲೈಸೆನ್ಸ್ ಕೊಡಿ, ಮಕ್ಕಳನ್ನು ಉಳಿಸಿ'. ಇನ್ನೊಂದರ ಮೇಲೆ 'ಅಂಗಡಿ ಬೇಡ, ಮಕ್ಕಳನ್ನು ಉಳಿಸಿ'. ನಮ್ಮ ಓನರ್ ಹೊಟ್ಟೆ ಕುಣಿಸಿಕೊಂಡು ನಕ್ಕ. "ಯಾರು ಗೆದ್ರೂ ಅಭಿನಂದನೆ ಬ್ಯಾನರ್ ನಮ್ದೇ ಕಣೋ" ಅಂದ. ಎರಡಕ್ಕೂ ಬಂದಿದ್ದು ಅಣ್ಣನ ಅದೇ ಫೋಟೋ.

ಯಾವುದು ಅಂತ ನಿನಗೆ ಗೊತ್ತು. ನಾನು ಹತ್ತನೇ ಕ್ಲಾಸ್ ಪಾಸಾದ ದಿನ ಸ್ಕೂಲಿನ ಗೇಟ್ ಹತ್ರ ತೆಗೆದಿದ್ದು. ಮುರಿದ ಹಲ್ಲು ಕಾಣುತ್ತೆ ಅಂತ ಯಾವಾಗಲೂ ಬಾಯಿ ಮುಚ್ಕೊಂಡು ನಗ್ತಿದ್ದವನು ಅವತ್ತೊಂದಿನ ಬಾಯಿ ತುಂಬ ನಕ್ಕಿದ್ದ. "ನೋಡ್ರೋ, ನಮ್ಮನೇಲೂ ಒಬ್ಬ ಪಾಸಾದ" ಅಂತ ಬೀದಿಯಲ್ಲೆಲ್ಲ ಕೂಗ್ಕೊಂಡು ಬಂದಿದ್ದ. ಅವನ ಹೆಗಲ ಮೇಲೆ ಕೈ ಹಾಕ್ಕೊಂಡು ನಾನು ನಿಂತಿದ್ದೀನಲ್ಲ, ಆ ಫೋಟೋ. "ಪಕ್ಕದವನನ್ನ ತೆಗಿ, ಸತ್ತಿರೋನು ಒಬ್ಬನೇ ಬರಲಿ" ಅಂತ ಓನರ್ ಹೇಳಿದ. ಪಕ್ಕದವನು ನಾನೇ ಅಂತ ಅವನು ಗಮನಿಸಲೇ ಇಲ್ಲ, ಆಗ ಗುಂಗುರು ಕೂದಲಿತ್ತಲ್ಲ ನನಗೆ. ಕಂಪ್ಯೂಟರಲ್ಲಿ ನನ್ನನ್ನ ನಾನೇ ಕತ್ತರಿಸಿದೆ. ಅಪ್ಪಂದು ನೀಟಾಗಿ ಬಂತು. ನಿಂದರಲ್ಲಿ ಅಣ್ಣನ ಹೆಗಲ ಮೇಲೆ ನಾಲ್ಕು ಬೆರಳು ಉಳಿದುಬಿಟ್ಟಿವೆ. ಅಳಿಸೋಕೆ ಒಂದು ನಿಮಿಷದ ಕೆಲಸ, ಕೈ ಬರಲಿಲ್ಲ. ಪ್ರಿಂಟ್ ಆದ ಮೇಲೆ ನೋಡಿ ಓನರ್ "ಯಾರದೋ ಕೈ ಇದೆಯಲ್ಲೋ, ದೆವ್ವದ್ದಾ?" ಅಂತ ರೇಗಿದ. ದೂರಕ್ಕೆ ಕಾಣಲ್ಲ ಬಿಡಿ ಅಂದೆ.

ಗುರುವಾರ ಟೌನ್ ಹಾಲಲ್ಲಿ, ಈ ಲೈಸೆನ್ಸ್ ಕಾನೂನಿಗೆ ಅಂತ ಸರ್ಕಾರ ಮಾಡಿರೋ ಸಮಿತಿಯವರು ಜನರ ಮಾತು ಕೇಳ್ತಾರಂತೆ. ಎಡಗಡೆ ಗೋಡೆಗೆ ಅಪ್ಪನ ಬ್ಯಾನರ್, ಬಲಗಡೆಗೆ ನಿಂದು. ಎರಡನ್ನೂ ಕಟ್ಟೋನು ನಾನೇ. ಹೋದ ಸಭೆಗೂ ಹೋಗಿದ್ದೆ. ಕಾಲೇಜು ಮೇಷ್ಟ್ರೊಬ್ಬರು ಎದ್ದು ತೆರಿಗೆ ಎಷ್ಟು ಬರುತ್ತೆ, ಜೈಲಿನ ಖರ್ಚು ಎಷ್ಟು ಉಳಿಯುತ್ತೆ ಅಂತ ಲೆಕ್ಕ ಕೊಟ್ಟರು, ಅಪ್ಪನ ಕಡೆಯವರು ಚಪ್ಪಾಳೆ ಹೊಡೆದರು. ಡಾಕ್ಟರಮ್ಮ ಒಬ್ಬರು ಎದ್ದು ಆಸ್ಪತ್ರೆ ಮಂಚ ಸಾಲಲ್ಲ, ದುಡಿಯೋ ಕೈಗಳು ಹೋಗ್ತವೆ ಅಂತ ಇನ್ನೊಂದು ಲೆಕ್ಕ ಕೊಟ್ಟರು, ನಿಮ್ಮ ಕಡೆಯವರು ಹೊಡೆದರು. ಅವರ ಲೆಕ್ಕದಲ್ಲೂ ಅಣ್ಣ ಒಂದು, ಇವರ ಲೆಕ್ಕದಲ್ಲೂ ಒಂದು. ಈ ಮನೇಲಿ ಮಾತ್ರ ಅವನು ಇಡೀ ಒಂದು ರೂಮು.

ಇನ್ನೇನು ಬರೀಲಿ. ದೊಡ್ಡಮ್ಮನಿಗೆ ನನ್ನ ನಮಸ್ಕಾರ ಹೇಳು, ಉಣ್ತಿದ್ದೀನಿ ಅಂತಲೂ ಹೇಳು. ಡ್ರಾಪ್ಸ್ ಮರೀಬೇಡ. ಗುರುವಾರ ಅಪ್ಪ ಎದುರಿಗೆ ಸಿಕ್ಕಿದ್ರೆ ಜೋರಾಗಿ ಮಾತಾಡಬೇಡ, ಅವರು ಬಹಳ ಇಳಿದುಹೋಗಿದ್ದಾರೆ.

ನಿನ್ನ ಕಾಲಿಗೆ ಬೀಳ್ತಾ,
ನಿನ್ನ ಚಿಕ್ಕವನು

ತಾ.ಕ.: ಕವರ್ ಅಂಟಿಸಿ ಮತ್ತೆ ಬಿಚ್ಚಿದೆ. ಅಣ್ಣ ಹೋದ ಮೇಲೆ, ಅವನಿಗೆ ಮಾತ್ರೆ ಮಾರ್ತಿದ್ದವನನ್ನ ಹೊಡೆಯೋಕೆ ಅಂತ ಬಸ್ ಸ್ಟ್ಯಾಂಡ್ ಹಿಂದೆ ಹೋಗಿದ್ದೆ. ಹೊಡೆದೆ ಕೂಡ. ಅವನು ಕೂತು ಅಳೋಕೆ ಶುರು ಮಾಡಿದ, "ಅವನು ನನ್ನ ಫ್ರೆಂಡ್ ಕಣೋ" ಅಂತ. ನಾನೂ ಅವನ ಪಕ್ಕ ಕೂತೆ. ಅವತ್ತು ಶುರುವಾಗಿದ್ದು ಈಗ ಬಿಡೋಕಾಗ್ತಿಲ್ಲ ಅಮ್ಮಾ. ಆ ಮಾತ್ರೆ ಒಳಗೇನಿದೆ ಅಂತ ಮಾರೋ ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅಪ್ಪನಿಗೆ ಹೇಳಿದ್ರೆ, ನೋಡಿ ಲೇಬಲ್ ಇಲ್ಲದ್ದಕ್ಕೆ ಹೀಗಾಯ್ತು ಅಂತಾರೆ. ನೀನು ಗುರುವಾರ ಮೈಕ್ ಮುಂದೆ ನನ್ನನ್ನ ನಿಲ್ಲಿಸಬೇಡ, ನಿನ್ನ ಕಾಲಿಗೆ ಬೀಳ್ತೀನಿ. ಅಂಗಡಿ ಬಂದ್ರೂ ಬರದಿದ್ರೂ ನನಗೆ ಅಲ್ಲೀವರೆಗೆ ಕಾಯೋಕಾಗಲ್ಲ. ಕಾಗದ ಮುಗಿಸಿ ಎದ್ದು, ಅಪ್ಪನ ಟೂಲ್ ಡಬ್ಬದಿಂದ ಆ ಚಿಲಕ ತೆಗೆದು ಅದೇ ತೂತುಗಳಿಗೆ ಹಾಕಿದ್ದೀನಿ. ಕಿಟಕಿಗೆ ಹಲಗೆ ಹೊಡೆದಿದ್ದೀನಿ. ಅಪ್ಪ ನೋಡಿದರು, ನೋಡಿ ಅಡುಗೆಮನೆಗೆ ಹೋದರು. ಅಣ್ಣನಿಗೆ ಅದರಿಂದ ಏನೂ ಉಪಯೋಗ ಆಗಲಿಲ್ಲ ಅಂತ ಗೊತ್ತು, ನನಗೆ ಬೇರೇನೂ ತೋಚ್ತಿಲ್ಲ. ನಾನು ಒಳಗೆ ಹೋಗಿ ಬಾಗಿಲು ಎಳ್ಕೊಂಡು ಕೂತು ನೋಡಿದೆ. ಅದು ಹೊರಗಿನ ಚಿಲಕ ಅಮ್ಮಾ, ಒಳಗಿರೋನಿಗೆ ಹಾಕ್ಕೊಳ್ಳೋಕೆ ಬರಲ್ಲ. ಯಾರಾದ್ರೂ ಹೊರಗಿರಬೇಕು.